ಓದಿದ್ದೆಲ್ಲ ನೆನಪಿದೆ, ಆದರೆ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ: ನಕ್ಷೆ, ಚಿತ್ರ, ವರ್ಗೀಕರಣಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಓದುವ ಮೇಜು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷಗಳಿಂದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕರ್ನಾಟಕದ ಇತಿಹಾಸ ನನಗೆ ಅತ್ಯಂತ ಪ್ರಿಯವಾದ ವಿಷಯ; ಅಂಕಗಳನ್ನು ಹೆಚ್ಚು ಕಳೆದುಕೊಳ್ಳುತ್ತಿರುವುದೂ ಅದರಲ್ಲಿಯೇ. ಬಾದಾಮಿಯ ಚಾಲುಕ್ಯರ ಬಗ್ಗೆ ಕೇಳಿದರೆ ಎರಡು ಪುಟ ಬರೆಯಬಲ್ಲೆ, ರಾಷ್ಟ್ರಕೂಟರ ಬಗ್ಗೆ ಕೇಳಿದರೆ ಮತ್ತೆರಡು ಪುಟ ಬರೆಯಬಲ್ಲೆ. ಆದರೆ ಕಳೆದ ತಿಂಗಳ ಮಾದರಿ ಪರೀಕ್ಷೆಯಲ್ಲಿ, ದಕ್ಷಿಣದ ರಾಜಮನೆತನಗಳ ನಡುವಿನ ಯುದ್ಧಗಳು ದೇವಾಲಯಗಳ ವಾಸ್ತುಶಿಲ್ಪದ ಮೇಲೆ ಬೀರಿದ ಪ್ರಭಾವವನ್ನು ಚರ್ಚಿಸಿರಿ ಎಂಬ ಪ್ರಶ್ನೆ ಬಂದಾಗ, ನನಗೆ ತಿಳಿದಿದ್ದ ಸಂಗತಿಗಳೆಲ್ಲ ಬೇರೆ ಬೇರೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಕುಳಿತಂತಾಯಿತು. ಅರ್ಧ ಪುಟಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ. ಮನೆಗೆ ಬಂದು ನೋಡಿದರೆ ಉತ್ತರಕ್ಕೆ ಬೇಕಾದ ಪ್ರತಿಯೊಂದು ಸಂಗತಿಯೂ ನನ್ನ ನೋಟ್ಸಿನಲ್ಲಿಯೇ ಇತ್ತು.

ನಾನು ಹೋಗುತ್ತಿದ್ದ ತರಬೇತಿ ಕೇಂದ್ರದಲ್ಲಿ, ಪ್ರತಿ ಅಧ್ಯಾಯಕ್ಕೂ ಬಣ್ಣಬಣ್ಣದ ಮೈಂಡ್ ಮ್ಯಾಪ್ ಬರೆಯಿರಿ, ಮೆದುಳು ತಾನಾಗಿಯೇ ವಿಷಯಗಳನ್ನು ಜೋಡಿಸಿಕೊಳ್ಳುತ್ತದೆ ಎಂದು ಹೇಳುತ್ತಿದ್ದರು. ಆರು ನೋಟ್‌ಬುಕ್ ತುಂಬುವಷ್ಟು ಬರೆದಿದ್ದೇನೆ. ಅವುಗಳ ಮೇಲೆ ಕಳೆದ ಸಂಜೆಗಳನ್ನು ನೆನೆದರೆ ಈಗ ಬೇಸರವಾಗುತ್ತದೆ. ಈ ವಿಧಾನವೇ ಸುಳ್ಳೋ, ನಾನು ಮಾಡಿದ ರೀತಿಯೇ ತಪ್ಪೋ? ಅನುಭವ ಇರುವವರು ದಯವಿಟ್ಟು ತಿಳಿಸಿ.

ತುಂಗಾತೀರ

ಇವೆಲ್ಲ ಸಮಯವನ್ನು ತಿನ್ನುವ ಕೆಲಸಗಳು. ಒಂದೇ ಪುಸ್ತಕವನ್ನು ನಾಲ್ಕು ಬಾರಿ ಗಮನವಿಟ್ಟು ಓದಿದರೆ ಎಲ್ಲವೂ ತಾನಾಗಿಯೇ ಕೂಡಿಕೊಳ್ಳುತ್ತದೆ.

ಮಲೆನಾಡಿನ ಮೇಷ್ಟ್ರು

ತುಂಗಾತೀರ ಅವರ ಮಾತನ್ನು ನಾನು ಒಪ್ಪಲಾರೆ. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳ ಸಂಖ್ಯೆ ಬಹಳ ಸಣ್ಣದು. 1956ರಲ್ಲಿ ಜಾರ್ಜ್ ಮಿಲ್ಲರ್ ಅದನ್ನು ಸುಮಾರು ಏಳು ಎಂದು ಹೇಳಿದರು. 2001ರಲ್ಲಿ ನೆಲ್ಸನ್ ಕೋವನ್ ಆವರೆಗಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಎರಡು ವಿಚಾರಗಳ ನಡುವೆ ಸಂಬಂಧ ಕಾಣಬೇಕಾದರೆ ಅವೆರಡೂ ಏಕಕಾಲದಲ್ಲಿ ಮನಸ್ಸಿನ ಎದುರು ಇರಬೇಕಲ್ಲವೇ? ಪಲ್ಲವರನ್ನು ಸೋಮವಾರ ಓದಿ, ರಾಷ್ಟ್ರಕೂಟರನ್ನು ಗುರುವಾರ ಓದಿದವರಿಗೆ ಅವರಿಬ್ಬರೂ ಒಂದೇ ಹೊತ್ತಿಗೆ ಎದುರಾಗುವ ಅವಕಾಶವೇ ಇರುವುದಿಲ್ಲ. ಹಾಳೆಯ ಮೇಲೆ ಬರೆದಾಗ, ಹಿಡಿದುಕೊಳ್ಳುವ ಕೆಲಸವನ್ನು ಹಾಳೆ ಮಾಡುತ್ತದೆ, ಮನಸ್ಸು ನೋಡುವುದಕ್ಕೆ ಬಿಡುವಾಗುತ್ತದೆ. ನಾಲ್ಕು ಬಾರಿ ಓದಿದರೂ ಈ ಅನುಕೂಲ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರಿಗೆ ನನ್ನದೊಂದು ಮರುಪ್ರಶ್ನೆ. ನಿಮ್ಮ ಮೈಂಡ್ ಮ್ಯಾಪಿನಲ್ಲಿ ಗೆರೆಗಳ ಮೇಲೆ ಏನು ಬರೆದಿದ್ದೀರಿ?

ಓದುವ ಮೇಜು

ಗೆರೆಗಳ ಮೇಲೆ ಏನನ್ನೂ ಬರೆದಿಲ್ಲ, ಮೇಷ್ಟ್ರೇ. ನಡುವೆ "ಬಾದಾಮಿ ಚಾಲುಕ್ಯರು" ಎಂದು ಬರೆದು ಸುತ್ತ ರಾಜರು, ಯುದ್ಧಗಳು, ಶಾಸನಗಳು, ದೇವಾಲಯಗಳು ಎಂಬ ಕೊಂಬೆಗಳನ್ನು ಎಳೆದಿದ್ದೇನೆ. ಪ್ರತಿ ಕೊಂಬೆಗೂ ಬೇರೆ ಬಣ್ಣ, ಪ್ರತಿ ರಾಜವಂಶಕ್ಕೂ ಬೇರೆ ಹಾಳೆ.

ಮಲೆನಾಡಿನ ಮೇಷ್ಟ್ರು

ತೊಡಕು ಇರುವುದು ಅಲ್ಲಿಯೇ. ನೀವು ಬರೆದಿರುವುದು ಪುಸ್ತಕದ ಪರಿವಿಡಿ. ಅದನ್ನು ವೃತ್ತಾಕಾರದಲ್ಲಿ ಬರೆದಿದ್ದೀರಿ ಎಂಬುದಷ್ಟೇ ವ್ಯತ್ಯಾಸ. ನಡುವಿನಿಂದ ಕವಲೊಡೆಯುವ ಮೈಂಡ್ ಮ್ಯಾಪನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಇಂಗ್ಲೆಂಡಿನ ಟೋನಿ ಬುಜಾನ್. ಸರಿಸುಮಾರು ಅದೇ ಕಾಲದಲ್ಲಿ, 1972ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೋವಾಕ್ ಮತ್ತು ಸಂಗಡಿಗರು ಇನ್ನೊಂದು ಬಗೆಯ ನಕ್ಷೆಯನ್ನು ರೂಪಿಸಿದರು. ಶಾಲಾ ಮಕ್ಕಳಿಗೆ ವಿಜ್ಞಾನದ ಪರಿಕಲ್ಪನೆಗಳು ಕಾಲಕ್ರಮದಲ್ಲಿ ಹೇಗೆ ಬೆಳೆಯುತ್ತವೆ ಎಂಬುದನ್ನು ಗುರುತಿಸಲು ಅವರಿಗೊಂದು ಸಾಧನ ಬೇಕಾಗಿತ್ತು. ಹೊಸದು ಮನಸ್ಸಿನಲ್ಲಿ ನೆಲೆ ನಿಲ್ಲುವುದು ಅಲ್ಲಿ ಮೊದಲೇ ಇರುವುದಕ್ಕೆ ಅಂಟಿಕೊಂಡಾಗ ಮಾತ್ರ ಎಂಬ ಡೇವಿಡ್ ಆಸುಬೆಲ್ ಅವರ ವಿಚಾರ ಅದರ ತಳಹದಿ. ಆ ಪರಿಕಲ್ಪನಾ ನಕ್ಷೆಯಲ್ಲಿ ಪೆಟ್ಟಿಗೆಗಳಷ್ಟೇ ಮುಖ್ಯವಾದದ್ದು ಗೆರೆಯ ಮೇಲಿನ ಮಾತು. ಎರಡು ಪೆಟ್ಟಿಗೆ ಮತ್ತು ಒಂದು ಗೆರೆಯನ್ನು ಸೇರಿಸಿ ಓದಿದರೆ ಪೂರ್ಣ ವಾಕ್ಯವಾಗಬೇಕು, ಮತ್ತು ಆ ವಾಕ್ಯ ನಿಜವಾಗಿರಬೇಕು.

ನಿಮ್ಮ ಪರೀಕ್ಷೆಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮೂರೇ ಪೆಟ್ಟಿಗೆ ಬರೆಯಿರಿ: ಕಂಚಿಯ ಕೈಲಾಸನಾಥ, ಪಟ್ಟದಕಲ್ಲಿನ ವಿರೂಪಾಕ್ಷ, ಎಲ್ಲೋರದ ಕೈಲಾಸ. ನಿಮ್ಮ ನೋಟ್ಸಿನಲ್ಲಿ ಈ ಮೂರೂ ಮೂರು ರಾಜವಂಶಗಳ ಮೂರು ಹಾಳೆಗಳಲ್ಲಿ "ದೇವಾಲಯಗಳು" ಎಂಬ ಕೊಂಬೆಯ ತುದಿಯಲ್ಲಿ ತೂಗುತ್ತಿರುತ್ತವೆ. ಈಗ ಗೆರೆ ಎಳೆಯಿರಿ. 642ರ ಹೊತ್ತಿಗೆ ಪಲ್ಲವ ನರಸಿಂಹವರ್ಮ ಚಾಲುಕ್ಯರ ರಾಜಧಾನಿ ವಾತಾಪಿಯನ್ನು, ಅಂದರೆ ಇಂದಿನ ಬಾದಾಮಿಯನ್ನು, ಹಿಡಿದ. ನೂರು ವರ್ಷ ತುಂಬುವ ಹೊತ್ತಿಗೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ, ಆದರೆ ನಗರವನ್ನು ಹಾಳುಗೆಡವದೆ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ. ಆ ವಿಜಯದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ, ಅಂದಿನ ಲೋಕೇಶ್ವರ. ಮುಂದೆ ಹತ್ತಿಪ್ಪತ್ತು ವರ್ಷಗಳಲ್ಲಿ ರಾಷ್ಟ್ರಕೂಟ ದಂತಿದುರ್ಗ ಚಾಲುಕ್ಯರನ್ನು ಸೋಲಿಸಿದ. ಅವನ ನಂತರ ಪಟ್ಟಕ್ಕೆ ಬಂದ ಒಂದನೆಯ ಕೃಷ್ಣನ ಕಾಲದಲ್ಲಿ ಎಲ್ಲೋರದ ಕೈಲಾಸ ಬಂಡೆಯಿಂದ ಹೊರಬಂತು, ಮತ್ತು ಅದರ ವಿನ್ಯಾಸ ಪಟ್ಟದಕಲ್ಲಿನ ವಿರೂಪಾಕ್ಷವನ್ನು ನೆನಪಿಸುತ್ತದೆ. ನೋಡಿ, ನಿಮ್ಮಿಂದ ಅರ್ಧ ಪುಟ ದಾಟಲಾಗದ ಪ್ರಶ್ನೆಗೆ ಎರಡು ಗೆರೆಗಳಲ್ಲಿ ಉತ್ತರ ಸಿಕ್ಕಿತು.

ಬೀದರಿನ ಓದುಗ

ಮೇಷ್ಟ್ರ ವಿವರಣೆ ಚೆನ್ನಾಗಿದೆ, ಆದರೆ ಎರಡು ಮಾತು ಸೇರಿಸಲೇಬೇಕು. ಮೊದಲನೆಯದು, ವಿಕ್ರಮಾದಿತ್ಯ ಕಂಚಿಯ ದೇವಾಲಯಕ್ಕೆ ಸಂಪತ್ತನ್ನು ಬಿಟ್ಟುಕೊಟ್ಟ ವಿಷಯ ನಮಗೆ ತಿಳಿದಿರುವುದು ಅಲ್ಲಿನ ಕಂಬವೊಂದರ ಮೇಲಿರುವ ಕನ್ನಡ ಶಾಸನದಿಂದ. ತಮಿಳುನಾಡಿನ ಪಲ್ಲವ ದೇವಾಲಯದೊಳಗೆ ಕನ್ನಡ ಶಾಸನ ಏಕಿದೆ ಎಂಬ ಪ್ರಶ್ನೆಯೇ ಈ ಇಡೀ ಸರಪಳಿಯನ್ನು ಎಳೆದು ತರುತ್ತದೆ. ಆದ್ದರಿಂದ ಅದು ಗೆರೆಯ ಮೇಲೆ ಬರಬೇಕು.

ಎರಡನೆಯದು ಇನ್ನೂ ಮುಖ್ಯವಾದದ್ದು. ಎಲ್ಲೋರಕ್ಕೆ ಹೋಗುವ ಗೆರೆಯ ಮೇಲೆ ಅನೇಕರು "ನಕಲು" ಎಂದು ಬರೆದುಬಿಡುತ್ತಾರೆ. ಪಟ್ಟದಕಲ್ಲಿನದು ಕಲ್ಲಿನ ಮೇಲೆ ಕಲ್ಲಿಟ್ಟು ಕೆಳಗಿನಿಂದ ಮೇಲಕ್ಕೆ ಕಟ್ಟಿದ ಗುಡಿ. ಎಲ್ಲೋರದ್ದು ಗುಡ್ಡವನ್ನೇ ಮೇಲಿನಿಂದ ಕೆಳಕ್ಕೆ ಕೊರೆದು ಬಿಡಿಸಿದ ಏಕಶಿಲೆ, ಗಾತ್ರದಲ್ಲಿಯೂ ಬಹಳ ದೊಡ್ಡದು. "ವಿನ್ಯಾಸದಲ್ಲಿ ಹೋಲುತ್ತದೆ" ಎಂಬುದಕ್ಕೂ "ನಕಲು" ಎಂಬುದಕ್ಕೂ ನಡುವೆ ಇರುವ ಅಂತರವನ್ನು ಗುರುತಿಸದ ನಕ್ಷೆ, ತಪ್ಪನ್ನು ಚಿತ್ರವಾಗಿಸಿ ಇನ್ನಷ್ಟು ಗಟ್ಟಿಯಾಗಿ ತಲೆಯಲ್ಲಿ ಕೂರಿಸುತ್ತದೆ.

ಮಲೆನಾಡಿನ ಮೇಷ್ಟ್ರು

ಒಪ್ಪಿದೆ. ಗೆರೆಯ ಮೇಲಿನ ಕ್ರಿಯಾಪದವನ್ನು ಆರಿಸುವಾಗಲೇ ನಿಜವಾದ ಯೋಚನೆ ನಡೆಯುತ್ತದೆ ಎಂದು ನಾನು ಹೇಳಬೇಕಾಗಿದ್ದುದನ್ನು ನೀವು ಇನ್ನೂ ಸ್ಪಷ್ಟವಾಗಿ ಹೇಳಿದ್ದೀರಿ.

ಜೀವಶಾಸ್ತ್ರದ ಉಪನ್ಯಾಸಕಿ

ಇಲ್ಲಿ ಎಲ್ಲರೂ ನಕ್ಷೆಯ ಸ್ವರೂಪವನ್ನು ಚರ್ಚಿಸುತ್ತಿದ್ದೀರಿ. ಅದನ್ನು ಯಾವಾಗ ಬರೆಯಬೇಕು ಎಂಬುದನ್ನು ಯಾರೂ ಕೇಳಿಲ್ಲ. ಹದಿನೆಂಟು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತಿರುವ ನನಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ನನ್ನ ವಿದ್ಯಾರ್ಥಿಗಳು ಹೃದಯದ ಚಿತ್ರವನ್ನು ಎಷ್ಟು ಸೊಗಸಾಗಿ ಬರೆಯುತ್ತಿದ್ದರೆಂದರೆ, ಪುಸ್ತಕದ ಚಿತ್ರವೇ ಅದರ ಮುಂದೆ ಮಂಕಾಗುತ್ತಿತ್ತು. ಎಡ ಹೃತ್ಕುಕ್ಷಿಯ ಗೋಡೆಯನ್ನು ದಪ್ಪಗೆ, ಬಲ ಹೃತ್ಕುಕ್ಷಿಯ ಗೋಡೆಯನ್ನು ತೆಳ್ಳಗೆ ತಪ್ಪದೆ ಬರೆಯುತ್ತಿದ್ದರು. ಒಂದು ದಿನ ಏಕೆ ದಪ್ಪ ಎಂದು ಕೇಳಿದೆ. ತರಗತಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಬಲಗಡೆಯದು ಪಕ್ಕದಲ್ಲೇ ಇರುವ ಶ್ವಾಸಕೋಶಗಳಿಗೆ ರಕ್ತವನ್ನು ನೂಕಿದರೆ ಸಾಕು, ಎಡಗಡೆಯದು ಇಡೀ ದೇಹಕ್ಕೆ ನೂಕಬೇಕು. ಈ ಎರಡು ಸಂಗತಿಗಳೂ ಅವರಿಗೆ ಬೇರೆ ಬೇರೆಯಾಗಿ ಗೊತ್ತಿದ್ದವು. ಎದುರಿಗಿದ್ದ ಚಿತ್ರವನ್ನು ಕಣ್ಣು ನೋಡಿತು, ಕೈ ಬರೆಯಿತು, ನಡುವೆ ಮನಸ್ಸಿಗೆ ಕೆಲಸವೇ ಇರಲಿಲ್ಲ.

2011ರಲ್ಲಿ ಜೆಫ್ರಿ ಕಾರ್ಪಿಕಿ ಮತ್ತು ಜಾನೆಲ್ ಬ್ಲಂಟ್ "ಸೈನ್ಸ್" ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವನ್ನು ಎಲ್ಲ ಅಧ್ಯಾಪಕರೂ ತಿಳಿದಿರಬೇಕು. ಒಂದು ಗುಂಪಿನವರು ಪಠ್ಯವನ್ನು ಎದುರಿಗಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆದರು. ಇನ್ನೊಂದು ಗುಂಪಿನವರು ಪಠ್ಯವನ್ನು ಓದಿ, ಬದಿಗಿಟ್ಟು, ನೆನಪಿಗೆ ಬಂದುದನ್ನೆಲ್ಲ ಬರೆದು, ಮತ್ತೆ ಓದಿ ಮತ್ತೆ ಬರೆದರು. ವಾರದ ನಂತರ ನಡೆದ ಪರೀಕ್ಷೆಯಲ್ಲಿ ನೆನಪಿನಿಂದ ಬರೆದವರೇ ಮುಂದಿದ್ದರು. ಇನ್ನೊಂದು ಪ್ರಯೋಗದಲ್ಲಿ ಕೊನೆಯ ಪರೀಕ್ಷೆಯಾಗಿ ಪರಿಕಲ್ಪನಾ ನಕ್ಷೆಯನ್ನೇ ಬರೆಯಿರಿ ಎಂದಾಗಲೂ ಅವರೇ ಮುಂದಿದ್ದರು!

ತುಂಗಾತೀರ

ಹಾಗಾದರೆ ನಾನು ಮೊದಲೇ ಹೇಳಿದ್ದು ಸರಿಯಾಯಿತಲ್ಲವೇ, ಮೇಡಂ? ನಕ್ಷೆ ಬೇಡ, ಓದಿದರೆ ಸಾಕು.

ಜೀವಶಾಸ್ತ್ರದ ಉಪನ್ಯಾಸಕಿ

ಇಲ್ಲ, ಸರ್. ಅದೇ ಪ್ರಯೋಗದಲ್ಲಿ ಪಠ್ಯವನ್ನು ಮತ್ತೆ ಮತ್ತೆ ಓದಿದ ಗುಂಪೂ ಇತ್ತು, ಅದೂ ಹಿಂದೆಯೇ ಉಳಿಯಿತು. ಗೆದ್ದದ್ದು ಓದುವಿಕೆ ಅಲ್ಲ, ನೆನಪಿನಿಂದ ಹೊರತೆಗೆಯುವ ಪ್ರಯತ್ನ. ಅವರಿಬ್ಬರೇ 2014ರಲ್ಲಿ ಪ್ರಕಟಿಸಿದ ಮುಂದಿನ ಅಧ್ಯಯನದಲ್ಲಿ, ಪುಸ್ತಕ ಮುಚ್ಚಿ ನೆನಪಿನಿಂದಲೇ ನಕ್ಷೆ ಬರೆದವರೂ ನೆನಪಿನಿಂದ ವಾಕ್ಯಗಳನ್ನು ಬರೆದವರಷ್ಟೇ ಚೆನ್ನಾಗಿ ಕಲಿತಿದ್ದು ಕಂಡುಬಂತು. ಆದ್ದರಿಂದ ನಾನು ನಕ್ಷೆಯ ವಿರೋಧಿಯಲ್ಲ. ತೆರೆದ ಪುಸ್ತಕದ ಪಕ್ಕದಲ್ಲಿ ಬರೆಯುವ ನಕ್ಷೆಯ ವಿರೋಧಿ. ಈಗ ನನ್ನ ತರಗತಿಯಲ್ಲಿ ಪಾಠದ ಮರುದಿನ ಖಾಲಿ ಹಾಳೆ ಕೊಟ್ಟು ಬರೆಸುತ್ತೇನೆ, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದ ಗೆರೆಗಳನ್ನು ಕೆಂಪು ಪೆನ್ನಿನಲ್ಲಿ ಸೇರಿಸಲು ಹೇಳುತ್ತೇನೆ. ಚಿತ್ರಗಳು ಮೊದಲಿನಷ್ಟು ಅಂದವಾಗಿಲ್ಲ. ಮಕ್ಕಳು ಪ್ರಶ್ನೆ ಕೇಳುವುದು ಮಾತ್ರ ಹೆಚ್ಚಾಗಿದೆ.

ಹಳಗನ್ನಡದ ವಿದ್ಯಾರ್ಥಿನಿ

ಈ ಚರ್ಚೆಯನ್ನು ಓದುತ್ತಾ ನಮ್ಮ ಛಂದಸ್ಸಿನ ಪಾಠ ನೆನಪಾಯಿತು. ಗುರು ಮತ್ತು ಲಘುಗಳನ್ನು ಮೂರು ಮೂರಾಗಿ ಜೋಡಿಸಿದರೆ ಎಂಟು ಅಕ್ಷರಗಣಗಳಾಗುತ್ತವೆ. ಎಂಟನ್ನೂ ಬಿಡಿಬಿಡಿಯಾಗಿ ಉರು ಹೊಡೆಯಲು ಹೋದವರಿಗೆ ಜಗಣ ಯಾವುದು, ರಗಣ ಯಾವುದು ಎಂದು ಪರೀಕ್ಷೆಯ ಹಿಂದಿನ ರಾತ್ರಿಯವರೆಗೂ ಗೊಂದಲವೇ. ಆದರೆ ನಮ್ಮ ಹಿರಿಯರು ಕಂಠಪಾಠದ ಪದ್ಯದಲ್ಲಿ ಅವುಗಳನ್ನು ನಾಲ್ಕು ಜೋಡಿಗಳಾಗಿ ಮಾಡಿಟ್ಟಿದ್ದಾರೆ: ಮನ, ಭಯ, ಜರ, ಸತ. ಮೂರೂ ಗುರುವಾದರೆ ಮಗಣ, ಮೂರೂ ಲಘುವಾದರೆ ನಗಣ. ಗುರು ಮೊದಲು ಬಂದರೆ ಭಗಣ, ಲಘು ಮೊದಲು ಬಂದರೆ ಯಗಣ. ಗುರು ನಡುವೆ ಬಂದರೆ ಜಗಣ, ಲಘು ನಡುವೆ ಬಂದರೆ ರಗಣ. ಗುರು ಕೊನೆಗೆ ಬಂದರೆ ಸಗಣ, ಲಘು ಕೊನೆಗೆ ಬಂದರೆ ತಗಣ.

ಪದ್ಯದ ಪ್ರಾಸದಿಂದ ಅದು ನೆನಪಿನಲ್ಲಿ ಉಳಿಯುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಒಮ್ಮೆ ಅದನ್ನು ನಾಲ್ಕು ಸಾಲು, ಎರಡು ಕಂಬಸಾಲುಗಳ ಕೋಷ್ಟಕವಾಗಿ ಬರೆದು ನೋಡಿದಾಗ ಬೇರೆಯೇ ಸಂಗತಿ ಕಂಡಿತು. ಎಡ ಕಂಬಸಾಲಿನ ಗಣದಲ್ಲಿ ಗುರು ಇರುವಲ್ಲೆಲ್ಲ ಬಲ ಕಂಬಸಾಲಿನ ಗಣದಲ್ಲಿ ಲಘು ಇದೆ, ಲಘು ಇರುವಲ್ಲೆಲ್ಲ ಗುರು ಇದೆ. ಎಂಟು ಸಂಗತಿಗಳು "ಎಲ್ಲ, ಮೊದಲು, ನಡು, ಕೊನೆ" ಎಂಬ ನಾಲ್ಕು ಸ್ಥಾನಗಳಿಗೆ ಮತ್ತು "ತಿರುಗಿಸು" ಎಂಬ ಒಂದೇ ಸೂಚನೆಗೆ ಇಳಿದವು. ಈಗ ಗಣವನ್ನು ನೆನಪಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ, ಕೋಷ್ಟಕದಿಂದ ಕಟ್ಟಿಕೊಳ್ಳುತ್ತೇನೆ.

ಸ್ವರಸಾಧಕ

ಹಳಗನ್ನಡದ ವಿದ್ಯಾರ್ಥಿನಿಯವರ ಮಾತಿಗೆ ಕರ್ನಾಟಕ ಸಂಗೀತದಲ್ಲಿ ಇನ್ನೂ ದೊಡ್ಡ ಸಾಕ್ಷಿಯಿದೆ. 72 ಮೇಳಕರ್ತ ರಾಗಗಳನ್ನು ಯಾರೂ 72 ಸಂಗತಿಗಳಾಗಿ ಕಲಿಯುವುದಿಲ್ಲ. ಅವು ಆರಾರು ರಾಗಗಳ ಹನ್ನೆರಡು ಚಕ್ರಗಳಾಗಿವೆ, ಮತ್ತು ಚಕ್ರದ ಹೆಸರಿನಲ್ಲಿಯೇ ಅದರ ಸಂಖ್ಯೆ ಅಡಗಿದೆ: ಇಂದು ಒಂದು, ನೇತ್ರ ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು, ಹೀಗೆ ಹನ್ನೆರಡನೆಯ ಆದಿತ್ಯದವರೆಗೆ. ರಿಷಭ ಮತ್ತು ಗಾಂಧಾರ ಯಾವುವು ಎಂಬುದನ್ನು ಚಕ್ರ ಹೇಳುತ್ತದೆ. ಧೈವತ ಮತ್ತು ನಿಷಾದ ಯಾವುವು ಎಂಬುದನ್ನು ಚಕ್ರದೊಳಗಿನ ಸ್ಥಾನ ಹೇಳುತ್ತದೆ. ಮೊದಲ 36ರಲ್ಲಿ ಶುದ್ಧ ಮಧ್ಯಮ, ನಂತರದ 36ರಲ್ಲಿ ಪ್ರತಿ ಮಧ್ಯಮ. ರಾಗದ ಹೆಸರಿನ ಮೊದಲೆರಡು ಅಕ್ಷರಗಳು, ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಕ್ರಮದಲ್ಲಿ, ರಾಗದ ಸಂಖ್ಯೆಯನ್ನೇ ಕೊಡುತ್ತವೆ. ಮೇಚಕಲ್ಯಾಣಿಯಲ್ಲಿ ಮಕಾರಕ್ಕೆ ಐದು, ಚಕಾರಕ್ಕೆ ಆರು. ತಿರುಗಿಸಿ ಓದಿದರೆ 65. ಧೀರಶಂಕರಾಭರಣದಲ್ಲಿ ಧಕಾರಕ್ಕೆ ಒಂಬತ್ತು, ರಕಾರಕ್ಕೆ ಎರಡು, ತಿರುಗಿಸಿದರೆ 29.

ನಾನು ಏಳು ವರ್ಷ ಸಂಗೀತ ಕಲಿತ ಮೇಲೂ ಕಲ್ಯಾಣಿ ಮತ್ತು ಶಂಕರಾಭರಣ ನನ್ನ ಮನಸ್ಸಿನಲ್ಲಿ ಎರಡು ಬೇರೆ ಊರುಗಳಂತಿದ್ದವು. ಒಂದು ಮಧ್ಯಾಹ್ನ ಗುರುಗಳು ಗೋಡೆಯ ಮೇಲಿದ್ದ, 72 ರಾಗಗಳನ್ನೂ ತೋರಿಸುವ ಮೇಳಕರ್ತ ಚಕ್ರದ ಚಿತ್ರದ ಮುಂದೆ ನಿಲ್ಲಿಸಿ, 65ರಲ್ಲಿ 36 ಕಳೆ ಎಂದರು. 29 ಬಂತು. ಅಂದರೆ ಶಂಕರಾಭರಣದ ಮಧ್ಯಮವೊಂದನ್ನು ಬದಲಿಸಿದರೆ ಕಲ್ಯಾಣಿ. ಆ ಕ್ಷಣದಲ್ಲಿ ಆದ ಸಂತೋಷವನ್ನು ಈಗಲೂ ಮರೆತಿಲ್ಲ. ಮೊದಲಿಂದಲೂ ಎರಡನ್ನೂ ಹಾಡುತ್ತಿದ್ದೆ, ಆದರೆ ಎರಡನ್ನೂ ಆ ಒಂದೇ ಚಿತ್ರದ ಎದುರುಬದುರು ಮನೆಗಳಾಗಿ ನೋಡಿದ ದಿನವೇ ಅವುಗಳ ನಂಟು ಗೊತ್ತಾದದ್ದು.

ಹೊಸ ಸದಸ್ಯ

ನನಗೂ ಹಾಗೆಯೇ ಆಗುತ್ತದೆ, ಏಕೆಂದರೆ ನಾನು ನೋಡಿ ಕಲಿಯುವ ಜಾತಿಯವನು. ಕೇಳಿ ಕಲಿಯುವವರಿಗೆ ಈ ನಕ್ಷೆಗಳಿಂದ ಏನೂ ಉಪಯೋಗವಾಗಲಾರದು ಎಂದು ಅನಿಸುತ್ತದೆ.

ಜೀವಶಾಸ್ತ್ರದ ಉಪನ್ಯಾಸಕಿ

ಇದನ್ನು ತಿದ್ದದೆ ಮುಂದೆ ಹೋಗಬಾರದು. ಪ್ರತಿಯೊಬ್ಬರಿಗೂ ನೋಡುವ, ಕೇಳುವ ಅಥವಾ ಮಾಡುವ ಒಂದು ಕಲಿಕಾ ಶೈಲಿ ಇರುತ್ತದೆ, ಪಾಠವನ್ನು ಅದಕ್ಕೆ ಹೊಂದಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬ ನಂಬಿಕೆ ನಮ್ಮ ಶಿಕ್ಷಕರ ತರಬೇತಿಗಳಲ್ಲಿಯೂ ಬಹಳ ಪ್ರಚಲಿತವಾಗಿದೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಹಲೇಖಕರು ಇದ್ದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿದಾಗ, ಹಾಗೆ ಹೊಂದಿಸುವುದನ್ನು ಸಮರ್ಥಿಸುವಷ್ಟು ಆಧಾರ ಸಿಗಲಿಲ್ಲ. ಇಷ್ಟಪಡುವುದು ಬೇರೆ, ಕಲಿಯುವುದು ಬೇರೆ. ಮಾತು ಮತ್ತು ಚಿತ್ರ ಎರಡರಲ್ಲಿಯೂ ದಾಖಲಾದ ಸಂಗತಿಗೆ ನೆನಪಿನಲ್ಲಿ ಎರಡು ದಾರಿಗಳಿರುತ್ತವೆ ಎಂದು ಕೆನಡಾದ ಅಲನ್ ಪೈವಿಯೊ 1970ರ ದಶಕದಲ್ಲಿ ವಾದಿಸಿದ್ದು ಯಾವುದೋ ಒಂದು ಬಗೆಯ ಕಲಿಯುವವರ ಬಗ್ಗೆ ಅಲ್ಲ, ಎಲ್ಲರ ಬಗ್ಗೆ. ನಿಮಗೆ ನಕ್ಷೆ ಉಪಯೋಗವಾಗಿದ್ದರೆ ಸಂತೋಷ, ಆದರೆ ಅದನ್ನು ನಿಮ್ಮ ಜಾತಿಯ ಗುಣ ಎಂದುಕೊಂಡು ಕೇಳಿ ಕಲಿಯುವ ಬಾಗಿಲನ್ನು ಮುಚ್ಚಿಕೊಳ್ಳಬೇಡಿ.

ಕಪಾಟಿನ ನಡುವೆ

ನಾನು ಗ್ರಂಥಪಾಲಕಿ. ಇಲ್ಲಿ ಎಲ್ಲರೂ "ಮನಸ್ಸಿನಲ್ಲಿ ಕಾಣುವುದು" ಎಂದು ಹೇಳುತ್ತಿರುವುದನ್ನು ಓದಿ ಬರೆಯಲೇಬೇಕು ಎನಿಸಿತು, ಏಕೆಂದರೆ ನನಗೆ ಮನಸ್ಸಿನಲ್ಲಿ ಏನೂ ಕಾಣುವುದಿಲ್ಲ. ಕಣ್ಣು ಮುಚ್ಚಿ ನನ್ನ ತಾಯಿಯ ಮುಖವನ್ನು ನೆನೆದರೂ ಕತ್ತಲೆಯೇ. ಇದು ನನ್ನೊಬ್ಬಳ ಕೊರತೆ ಎಂದು ನಲವತ್ತು ವರ್ಷ ನಂಬಿದ್ದೆ. 2015ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಆಡಂ ಝೀಮನ್ ಇದಕ್ಕೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟ ಮೇಲೆ, ನನ್ನಂತಹವರು ಇನ್ನೂ ಅನೇಕರಿದ್ದಾರೆ ಎಂದು ತಿಳಿದು ಸಮಾಧಾನವಾಯಿತು.

ಹಾಗಾದರೆ ನಾನು ವಿಚಾರಗಳನ್ನು ಹೇಗೆ ಕೂಡಿಸುತ್ತೇನೆ? ವ್ಯವಸ್ಥೆಯಿಂದ. ನನ್ನ ಗುರು ಎಂದು ನಾನು ಭಾವಿಸಿರುವುದು ಎಸ್. ಆರ್. ರಂಗನಾಥನ್ ಅವರನ್ನು. ಗ್ರಂಥಾಲಯದ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಅವರ ಕೋಲನ್ ವರ್ಗೀಕರಣ ಪ್ರಕಟವಾದದ್ದು 1933ರಲ್ಲಿ. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿಯೇ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಯಾವುದೇ ವಿಷಯವನ್ನು ಒಂದೇ ಕಪಾಟಿಗೆ ತಳ್ಳುವ ಬದಲು, ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ನೋಡಬೇಕು ಎಂಬುದು ಅವರ ಕ್ರಮ. ಪ್ರಶ್ನೆ ಕೇಳಿದವರ ದೇವಾಲಯಗಳಿಗೆ ಇದನ್ನು ಅನ್ವಯಿಸಿ ನೋಡಿ. ಏನು, ಯಾವ ವಸ್ತುವಿನಿಂದ, ಯಾವ ಕ್ರಿಯೆಯಿಂದ, ಎಲ್ಲಿ, ಯಾವಾಗ? ವಿರೂಪಾಕ್ಷ ಮತ್ತು ಕೈಲಾಸಗಳಿಗೆ ಐದೂ ಉತ್ತರಗಳನ್ನು ಅಕ್ಕಪಕ್ಕ ಬರೆದರೆ, ಎರಡಕ್ಕೂ ದ್ರವ್ಯ ಕಲ್ಲೇ, ಆದರೆ ಕ್ರಿಯೆ ಬೇರೆ ಎಂಬುದು ತಕ್ಷಣ ಎದ್ದು ನಿಲ್ಲುತ್ತದೆ: ಒಂದು ಕಟ್ಟಿದ್ದು, ಒಂದು ಕೊರೆದದ್ದು. ಬೀದರಿನ ಓದುಗರು ಎಚ್ಚರಿಸಿದ ತಪ್ಪು ಈ ಕೋಷ್ಟಕದಲ್ಲಿ ನುಸುಳಲು ಜಾಗವೇ ಇಲ್ಲ. ನನಗೆ ಒಳಗಣ್ಣಿನ ಚಿತ್ರ ಬೇಕಾಗಲಿಲ್ಲ, ಹಾಳೆಯ ಮೇಲಿನ ಐದು ಕಂಬಸಾಲು ಸಾಕಾಯಿತು.

ಮಲೆನಾಡಿನ ಮೇಷ್ಟ್ರು

ಮೇಡಂ, ತಮ್ಮ ಅನುಭವ ಕಣ್ಣು ತೆರೆಸುವಂತಿದೆ. ವ್ಯವಸ್ಥೆಯೊಂದರಿಂದಲೇ ಎಷ್ಟು ಲಾಭವೆಂಬುದನ್ನು 1969ರಲ್ಲಿ ಗಾರ್ಡನ್ ಬೋವರ್ ಮತ್ತು ಸಂಗಡಿಗರು ಅಳೆದು ತೋರಿಸಿದ್ದರು. 112 ಪದಗಳನ್ನು ಒಂದು ಗುಂಪಿಗೆ ಮೇಲಿನಿಂದ ಕವಲೊಡೆಯುವ ವರ್ಗೀಕರಣದಲ್ಲಿ ಕೊಟ್ಟರು. ಖನಿಜಗಳಾದರೆ ಮೊದಲು ಲೋಹ ಮತ್ತು ಕಲ್ಲು, ಲೋಹದಲ್ಲಿ ಅಪರೂಪದವು, ಸಾಮಾನ್ಯವಾದವು, ಮಿಶ್ರಲೋಹಗಳು, ಹೀಗೆ. ಇನ್ನೊಂದು ಗುಂಪಿಗೆ ಅವೇ ಪದಗಳನ್ನು ಕಲಸಿ ಕೊಟ್ಟರು. ಮೊದಲ ಸುತ್ತಿನಲ್ಲಿಯೇ ವರ್ಗೀಕರಣ ಕಂಡವರು ಇನ್ನೊಂದು ಗುಂಪಿನವರಿಗಿಂತ ಮೂರು ಪಟ್ಟಿಗೂ ಹೆಚ್ಚು ಪದಗಳನ್ನು ನೆನಪಿಸಿಕೊಂಡರು. ಅಲ್ಲಿ ಚಿತ್ರ, ಬಣ್ಣ ಯಾವುದೂ ಇರಲಿಲ್ಲ.

ಅಡಿಕೆ ತೋಟದ ಮನೆ

ಎಲ್ಲರೂ ಹಾಳೆಯ ಬಗ್ಗೆಯೇ ಬರೆಯುತ್ತಿದ್ದೀರಿ. ನಾನು ಮನೆಯನ್ನೇ ಹಾಳೆಯಾಗಿ ಬಳಸುತ್ತೇನೆ. ಸ್ಥಳಗಳಲ್ಲಿ ನೆನಪನ್ನು ಇಡುವ ಈ ಕ್ರಮವನ್ನು ಪ್ರಾಚೀನ ರೋಮಿನ ಭಾಷಣಕಾರರು ಬಳಸುತ್ತಿದ್ದರು. ಸಿಸೆರೊ ಇದನ್ನು ವಿವರಿಸಿದ್ದಾನೆ. ಸಂವಿಧಾನದ 12 ಅನುಸೂಚಿಗಳು ನನಗೆ ಎಂದೂ ಕ್ರಮವಾಗಿ ಬರುತ್ತಿರಲಿಲ್ಲ. ಈಗ ನಮ್ಮ ಊರಮನೆಯ ಉಣುಗೋಲಿನಿಂದ ಬಾವಿಕಟ್ಟೆಯವರೆಗೆ ಹನ್ನೆರಡು ಜಾಗಗಳಲ್ಲಿ ಅವನ್ನು ಇಟ್ಟಿದ್ದೇನೆ. ಮೂರನೆಯದು ತುಳಸಿಕಟ್ಟೆ, ಅಲ್ಲಿ ಮಂತ್ರಿಗಳು ಕೈ ಮುಂದೆ ಮಾಡಿ ಪ್ರಮಾಣವಚನ ಸ್ವೀಕರಿಸುತ್ತಿದ್ದಾರೆ. ಏಳನೆಯದು ಅಡುಗೆಮನೆ, ನಾಗಂದಿಗೆಯ ಮೇಲೆ ಕೇಂದ್ರ, ರಾಜ್ಯ, ಸಮವರ್ತಿ ಎಂಬ ಮೂರು ಡಬ್ಬಿಗಳಿವೆ. ಎಂಟನೆಯದು ಊಟದ ಮನೆ. 22 ಭಾಷೆಗಳವರು ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಹತ್ತನೆಯದು ಹಿತ್ತಿಲ ಬೇಲಿ. ಪಕ್ಷಾಂತರ ಮಾಡುವವರು ಅದನ್ನು ಹಾರುತ್ತಿದ್ದಾರೆ. ಒಂದು ಸಂಜೆಯ ಕೆಲಸ ಅದು, ಮೂರು ವರ್ಷವಾದರೂ ಒಂದೂ ತಪ್ಪಿಲ್ಲ.

ಬೀದರಿನ ಓದುಗ

ಕ್ರಮ ನೆನಪಿಡಲು ಇದಕ್ಕಿಂತ ಉತ್ತಮ ಉಪಾಯವಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಈ ಚರ್ಚೆಯ ಪ್ರಶ್ನೆ ಬೇರೆ. ಅಡುಗೆಮನೆಯ ಪಕ್ಕದಲ್ಲಿ ಊಟದ ಮನೆ ಇದೆ ಎಂಬುದರಿಂದ ಏಳನೆಯ ಅನುಸೂಚಿಗೂ ಎಂಟನೆಯ ಅನುಸೂಚಿಗೂ ಯಾವ ಸಂಬಂಧವೂ ಹುಟ್ಟುವುದಿಲ್ಲ. ಸಂವಿಧಾನ ಜಾರಿಗೆ ಬಂದಾಗ ಎಂಟೇ ಅನುಸೂಚಿಗಳಿದ್ದವು. ಭೂಸುಧಾರಣಾ ಕಾನೂನುಗಳನ್ನು ನ್ಯಾಯಾಲಯದ ಆಕ್ಷೇಪದಿಂದ ಕಾಪಾಡಲು ಒಂಬತ್ತನೆಯದನ್ನು 1951ರಲ್ಲಿ ಸೇರಿಸಿದರು, ಪಕ್ಷಾಂತರ ತಡೆಯಲು ಹತ್ತನೆಯದನ್ನು 1985ರಲ್ಲಿ, ಪಂಚಾಯಿತಿ ಮತ್ತು ನಗರಸಭೆಗಳಿಗಾಗಿ ಕೊನೆಯ ಎರಡನ್ನು 1992ರ 73 ಮತ್ತು 74ನೆಯ ತಿದ್ದುಪಡಿಗಳಿಂದ. ಯಾವ ಕಾಲದಲ್ಲಿ ದೇಶಕ್ಕೆ ಯಾವ ತೊಂದರೆ ಎದುರಾಯಿತು ಎಂಬ ಸಂಬಂಧ ನಿಮ್ಮ ಮನೆಯಲ್ಲಿ ಎಲ್ಲಿದೆ?

ಅಡಿಕೆ ತೋಟದ ಮನೆ

ನ್ಯಾಯವಾದ ಆಕ್ಷೇಪ. ಮೊದಲ ಎಂಟನ್ನು ಹಳೆಯ ಮನೆಯೊಳಗೇ ಇಟ್ಟುಕೊಂಡು, ನಂತರ ಸೇರಿದ ನಾಲ್ಕನ್ನು ಆಮೇಲೆ ಕಟ್ಟಿದ ಹೊಸ ಭಾಗಕ್ಕೆ ಸಾಗಿಸುತ್ತೇನೆ. ಆಗ ಸ್ಥಳವೇ ಕಾಲವನ್ನೂ ಹೇಳುತ್ತದೆ. ಏಕೆ ಸೇರಿಸಿದರು ಎಂಬುದನ್ನು ಮಾತ್ರ ಮೇಷ್ಟ್ರು ಹೇಳಿದಂತೆ ಗೆರೆಯ ಮೇಲೆಯೇ ಬರೆಯಬೇಕಾಗುತ್ತದೆ.

ರೈನ್ ತೀರದ ಕನ್ನಡಿಗ

ಜರ್ಮನಿಯಲ್ಲಿ ಸಮಾಜಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೇನೆ, ಹಾಗಾಗಿ ಒಂದು ಮಾತು. ಬೀಲೆಫೆಲ್ಡ್ ವಿಶ್ವವಿದ್ಯಾಲಯದ ನಿಕ್ಲಾಸ್ ಲೂಮನ್ ತಮ್ಮ ಜೀವಮಾನದಲ್ಲಿ ಸುಮಾರು 90,000 ಚೀಟಿಗಳನ್ನು ಬರೆದಿಟ್ಟಿದ್ದರು. ಅವರು ಅವುಗಳನ್ನು ವಿಷಯವಾರು ಕಟ್ಟುಗಳಾಗಿ ಕಟ್ಟಿಡಲಿಲ್ಲ. ಪ್ರತಿ ಚೀಟಿಗೂ ಸಂಖ್ಯೆ ಕೊಟ್ಟು, ಅದು ಯಾವ ಚೀಟಿಗೆ ಸಂಬಂಧಿಸಿದೆ ಎಂದು ಅದರಲ್ಲಿಯೇ ಬರೆಯುತ್ತಿದ್ದರು. ಇದನ್ನು ನೋಡಿ ನಾನೂ ಒಂದು ಆ್ಯಪಿನಲ್ಲಿ ಎರಡು ವರ್ಷ ಟಿಪ್ಪಣಿ ಸಂಗ್ರಹಿಸಿದೆ. ಪರದೆಯ ಮೇಲೆ ನಕ್ಷತ್ರಪುಂಜದಂತೆ ಸಾವಿರಾರು ಗೆರೆಗಳು ಮೂಡಿದವು, ಆದರೆ ಆ್ಯಪು ಎಳೆದ ಯಾವ ಗೆರೆಯ ಬಗ್ಗೆಯೂ ನಾನು ಒಂದು ವಾಕ್ಯ ಹೇಳಲಾರದವನಾಗಿದ್ದೆ. ಈಗ ಹೊಸ ಟಿಪ್ಪಣಿ ಸೇರಿಸುವಾಗ, ಇದು ಹಳೆಯ ಯಾವ ಟಿಪ್ಪಣಿಯನ್ನು ಬಲಪಡಿಸುತ್ತದೆ ಅಥವಾ ಅಲ್ಲಗಳೆಯುತ್ತದೆ ಎಂದು ಒಂದು ಪೂರ್ಣ ವಾಕ್ಯ ಬರೆದ ಮೇಲೆಯೇ ಜೋಡಿಸುತ್ತೇನೆ. ವಾರಕ್ಕೆ ನಾಲ್ಕೈದು ಜೋಡಣೆಗಳಿಗಿಂತ ಹೆಚ್ಚು ಆಗುವುದಿಲ್ಲ, ಪ್ರಬಂಧದ ಅಧ್ಯಾಯ ಮಾತ್ರ ಮೊದಲ ಬಾರಿಗೆ ಮುಂದೆ ಸಾಗುತ್ತಿದೆ.

ಓದುವ ಮೇಜು

ಹನ್ನೊಂದು ದಿನಗಳ ನಂತರ ಮರಳಿ ಬರೆಯುತ್ತಿದ್ದೇನೆ. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಆರು ನೋಟ್‌ಬುಕ್‌ಗಳನ್ನು ಕಪಾಟಿನ ಮೇಲಿಟ್ಟೆ. ಹಳೆಯ ಕ್ಯಾಲೆಂಡರೊಂದರ ಹಿಂಬದಿಯಲ್ಲಿ, ಉಪನ್ಯಾಸಕಿ ಮೇಡಂ ಹೇಳಿದಂತೆ ಪುಸ್ತಕ ಮುಚ್ಚಿಟ್ಟು, ಎಲ್ಲ ರಾಜವಂಶಗಳನ್ನೂ ಒಂದೇ ಹಾಳೆಯ ಮೇಲೆ ಬರೆದೆ. ಮೊದಲ ದಿನ ಪೆಟ್ಟಿಗೆಗಳು 23 ಬಂದವು, ವಾಕ್ಯ ಬರೆಯಬಲ್ಲ ಗೆರೆಗಳು ಐದೇ ಐದು. ಎರಡು ವರ್ಷ ಓದಿದ್ದರಲ್ಲಿ ನನಗೆ ನಿಜವಾಗಿ ಗೊತ್ತಿದ್ದದ್ದು ಐದು ಗೆರೆಗಳಷ್ಟೇ ಎಂದು ತಿಳಿದಾಗ ದುಃಖವಾಯಿತು. ಆದರೆ ಏನನ್ನು ಓದಬೇಕು ಎಂಬುದು ಅಂದಿನಿಂದ ಸ್ಪಷ್ಟವಾಯಿತು. ವಾಕ್ಯವಿಲ್ಲದ ಗೆರೆ ಎಲ್ಲಿದೆಯೋ ಅಲ್ಲಿಗೆ ಪುಸ್ತಕ ತೆರೆಯುತ್ತೇನೆ. ಈಗ ಹತ್ತೊಂಬತ್ತು ಗೆರೆಗಳಿವೆ.

ಐಹೊಳೆಯ ಶಾಸನ ಬಹಳ ದಿನ ಒಂಟಿಯಾಗಿತ್ತು. 634, ರವಿಕೀರ್ತಿ, ಇಮ್ಮಡಿ ಪುಲಕೇಶಿ, ಹರ್ಷನ ಸೋಲು ಎಂದಷ್ಟೇ ಉರು ಹೊಡೆದಿದ್ದೆ. ಅದರ ಪಕ್ಕದಲ್ಲಿಯೇ 642 ಎಂಬ ಪೆಟ್ಟಿಗೆ ಕುಳಿತಾಗ, ಆ ಶಾಸನವನ್ನು ಕೆತ್ತಿದ್ದು ವಾತಾಪಿಯ ಪತನಕ್ಕೆ ಕೇವಲ ಎಂಟು ವರ್ಷ ಮೊದಲು ಎಂಬುದು ಹೊಳೆಯಿತು. ಗ್ರಂಥಪಾಲಕಿ ಮೇಡಂ ಅವರ ಐದು ಪ್ರಶ್ನೆಗಳನ್ನು ದೇವಾಲಯಗಳಿಗೆ ಬೇರೆ ಕೋಷ್ಟಕವಾಗಿ ಬಳಸುತ್ತಿದ್ದೇನೆ. ನಕ್ಷೆಯಲ್ಲಿ ಅವು ಕಿಕ್ಕಿರಿಯುತ್ತಿದ್ದವು.

ಒಂದು ಗೆರೆ ಮಾತ್ರ ಇನ್ನೂ ಖಾಲಿಯಿದೆ. ಬಾದಾಮಿಯ ಚಾಲುಕ್ಯರಿಂದ ಕಲ್ಯಾಣದ ಚಾಲುಕ್ಯರಿಗೆ ಗೆರೆ ಎಳೆದಿದ್ದೇನೆ, ಅದರ ಮೇಲೆ ಯಾವ ಕ್ರಿಯಾಪದ ಬರೆಯಬೇಕು?

ಬೀದರಿನ ಓದುಗ

ಕಲ್ಯಾಣ ನಮ್ಮ ಜಿಲ್ಲೆಯದು, ಉತ್ತರಿಸುವ ಹೊಣೆ ನನ್ನದು. 973ರಲ್ಲಿ ಇಮ್ಮಡಿ ತೈಲಪ ರಾಷ್ಟ್ರಕೂಟರ ಇಮ್ಮಡಿ ಕರ್ಕನನ್ನು ಸೋಲಿಸಿ ರಾಜ್ಯ ಕಟ್ಟಿದ. ಆ ಗೆರೆ ರಾಷ್ಟ್ರಕೂಟರ ಪೆಟ್ಟಿಗೆಯಿಂದ ಹೊರಡಬೇಕು. ಬಾದಾಮಿಯ ಕಡೆಗೆ ಹೋಗುವ ಗೆರೆಯ ಮೇಲೆ "ವಂಶಸ್ಥರು" ಎಂದು ಬರೆಯಬೇಡಿ. "ವಂಶಸ್ಥರೆಂದು ಶಾಸನಗಳಲ್ಲಿ ಹೇಳಿಕೊಂಡರು" ಎಂದು ಬರೆಯಿರಿ. ಬಾಣದ ತುದಿಯೂ ಕಲ್ಯಾಣದಿಂದ ಬಾದಾಮಿಯ ಕಡೆಗೇ ಇರಲಿ, ಏಕೆಂದರೆ ಹೇಳಿಕೊಂಡವರು ನಂತರದವರು.

ಓದುವ ಮೇಜು

ಬಾಣವನ್ನು ತಿರುಗಿಸಿದೆ. ಉಳಿದ ಗೆರೆಗಳು ಪೆನ್ನಿನಲ್ಲಿವೆ, ಇದನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ.